ಸೈಮಾ ರಾಂಟಲಾ ಕಟ್ಟಿದ ಸೊಪ್ಪಿನ ಕಟ್ಟು

ಸೈಮಾ ರಾಂಟಲಾಳ ಗಂಡನನ್ನು ಕೊಂದದ್ದು ಒಂದು ಪೊದೆ. ಇಪ್ಪತ್ತೆರಡು ವರ್ಷ ಇನ್ನೂರಡಿಯ ಫರ್ ಮರಗಳನ್ನು ಉರುಳಿಸಿದ ಯಾಲ್ಮರ್‌ನ ಮೈಮೇಲೆ ಒಂದು ಮರವೂ ಬೀಳಲಿಲ್ಲ. ಬಿದ್ದ ಮರದಡಿ ಸಿಕ್ಕಿ ಬಿಲ್ಲಿನಂತೆ ಬಗ್ಗಿದ್ದ, ತೋಳಿನಷ್ಟು ದಪ್ಪವೂ ಇಲ್ಲದ ಬಳ್ಳಿಮೇಪಲು ಅನ್ನುವ ಪೊದೆಗಿಡದ ಒಂದು ಕಾಂಡವನ್ನು ಅವನು ತಪ್ಪು ಮಗ್ಗುಲಿನಿಂದ ಕೊಯ್ದ. ಅದು ಸೆಟೆದು ಎದೆಗೆ ಬಡಿಯಿತು. ಜೊತೆಯವರು ಹೊತ್ತು ರಸ್ತೆಗೆ ತರುವಷ್ಟರಲ್ಲಿ ಮುಗಿದಿತ್ತು. ಅದು ಐವತ್ತನಾಲ್ಕರ ಅಕ್ಟೋಬರ್. ಗುಡ್ಡವೆಲ್ಲ ಅದೇ ಗಿಡದ ಎಲೆಯಿಂದ ಕೆಂಪಗಿತ್ತು.

ಕೊಲಂಬಿಯಾ ನದಿ ಸಮುದ್ರ ಸೇರುವ ಕಡೆಯ ನಮ್ಮ ಗುಡ್ಡಗಳಲ್ಲಿ ಮರ ಕಡಿಯುವವರು ಈ ಗಿಡವನ್ನು ಬೈಯದ ದಿನವಿಲ್ಲ. ಮರವಾಗುವ ಯೋಗ್ಯತೆ ಇಲ್ಲ, ಬಳ್ಳಿಯಾಗುವ ವಿನಯವೂ ಇಲ್ಲ. ದೊಡ್ಡ ಮರಗಳ ನೆರಳಲ್ಲಿ ಹುಟ್ಟಿ, ಬೆಳಕು ಹುಡುಕುತ್ತ ಅಡ್ಡಾದಿಡ್ಡಿ ಚಾಚಿ, ತನ್ನ ಭಾರಕ್ಕೆ ತಾನೇ ಬಾಗಿ ನೆಲ ಮುಟ್ಟುತ್ತದೆ. ಮುಟ್ಟಿದಲ್ಲಿ ಬೇರು ಬಿಟ್ಟು ಮತ್ತೆ ಏಳುತ್ತದೆ. ಹತ್ತು ಗಿಡ ಅಂದುಕೊಂಡದ್ದು ಅಗೆದು ನೋಡಿದರೆ ಒಂದೇ. ನಡೆಯುವವನ ಕಾಲು ಸಿಕ್ಕಿಸುತ್ತದೆ, ಗರಗಸವನ್ನು ಕಚ್ಚಿ ಹಿಡಿಯುತ್ತದೆ. ಆದರೆ ಬೋಳಾದ ಗುಡ್ಡ ಮಳೆಗೆ ಕುಸಿದು ತೊರೆಗಿಳಿಯದಂತೆ ಹಿಡಿದುಕೊಂಡಿರುವುದೂ ಅದೇ. ಚಳಿಗಾಲದಲ್ಲಿ ಜಿಂಕೆಗಳು ಅದರ ಎಳೆ ರೆಂಬೆ ಕಡಿದು ಬದುಕುತ್ತವೆ. ಅದರ ಎಲೆ ಬಿದ್ದು ಕೊಳೆತ ಕಡೆ ಮಣ್ಣು ಕಪ್ಪಗೆ, ಮೆತ್ತಗಿರುತ್ತದೆ. ಇದನ್ನೆಲ್ಲ ಸೈಮಾಗೆ ಯಾರೂ ಹೇಳಿಕೊಡಲಿಲ್ಲ. ಗಂಡ ಸತ್ತ ಮೇಲೆ ಆ ಗಿಡವನ್ನೇ ಅಗೆದು ಹೊಟ್ಟೆ ಹೊರೆಯಬೇಕಾಗಿ ಬಂದಾಗ ಗೊತ್ತಾಯಿತು.

ಮಗ ಆರ್ವೊಗೆ ಆಗ ಎಂಟು ವರ್ಷ. ಪೋರ್ಟ್‌ಲೆಂಡ್‌ನಿಂದ ನರ್ಸರಿಯವನೊಬ್ಬ ಲಾರಿ ತಂದು, "ಬುಡ ಸಮೇತ ಬೇಕಮ್ಮಾ. ಸೊಟ್ಟಗಿದ್ದಷ್ಟೂ ಒಳ್ಳೇದು, ಪೇಟೆಯೋರಿಗೆ ಸೊಟ್ಟಗಿರೋದೇ ಚಂದ" ಅಂದ. ಸೈಮಾ ಪ್ರತಿ ಶರತ್ಕಾಲ ಎಲೆ ಉದುರಿದ ಮೇಲೆ ಗುದ್ದಲಿ ಹಿಡಿದು ಗುಡ್ಡ ಹತ್ತಿದಳು. ಬೇರಿನ ಸುತ್ತ ಮಣ್ಣಿನ ಹೆಂಟೆ ಒಡೆಯದಂತೆ ಅಗೆದು, ಗೋಣಿತಾಟಿನಲ್ಲಿ ಸುತ್ತಿ, ಬೆನ್ನ ಮೇಲೆ ಹೊತ್ತು ತಂದಳು. ಕಾಡಲ್ಲಿ ಶನಿ ಅನ್ನಿಸಿಕೊಂಡದ್ದು ಪೇಟೆಯ ಮನೆಗಳ ಕಿಟಕಿಯ ಕೆಳಗೆ, ಬಿಸಿಲು ಬೀಳದ ಮೂಲೆಯಲ್ಲಿ, ಶೋಭೆಯಾಗಿ ನಿಂತಿತು. ಚರ್ಚಿಗೆ ಹೋಗುವ ಹೆಂಗಸರು ಕೇಳಿದರು: "ಗಂಡನ ಪ್ರಾಣ ತೆಗೆದ ಗಿಡ ಮುಟ್ಟೋಕೆ ನಿಂಗೆ ಮನಸ್ಸಾದ್ರೂ ಹೇಗೆ ಬರುತ್ತೆ?"

"ಪ್ರಾಣ ತೆಗೆದಿದ್ದು ಗಿಡ ಅಲ್ಲ," ಅಂದಳು ಸೈಮಾ. "ಮಧ್ಯಾಹ್ನದೊಳಗೆ ಲಾರಿ ತುಂಬಬೇಕು ಅಂತ ಮೇಸ್ತ್ರಿ ಬೊಬ್ಬೆ ಹೊಡೀತಿದ್ದ. ಅವನನ್ನ ಅಗೆಯೋಕಾಗಲ್ಲ, ಇದನ್ನ ಅಗೀತೀನಿ."

ಅವಳ ಅಪ್ಪ ಫಿನ್‌ಲೆಂಡಿನಿಂದ ಬಂದ ಕೆಂಪು ಬಾವುಟದವನು. ಊರ ಫಿನ್ನರ ಸಭಾಭವನ ಕಟ್ಟಿದವರಲ್ಲೊಬ್ಬ, ಮುಷ್ಕರದಲ್ಲಿ ಎರಡು ಹಲ್ಲು ಕಳೆದುಕೊಂಡವನು. ಅವಳ ನಾಲಿಗೆಯ ಮೊನಚು ಅಲ್ಲಿಂದಲೇ ಬಂದದ್ದು.

ಶನಿವಾರ ಸೌನಾ. ಇದರಲ್ಲಿ ಮಾತ್ರ ಕೆಂಪು ಫಿನ್ನರಿಗೂ ಚರ್ಚಿನ ಫಿನ್ನರಿಗೂ ಜಗಳವಿರಲಿಲ್ಲ. ಮನೆ ಹಿಂದಿನ ಮರದ ಕೋಣೆಯಲ್ಲಿ ಕಲ್ಲು ಕಾಯಿಸಿ, ನೀರು ಸುರಿದು, ಎದ್ದ ಹಬೆಯಲ್ಲಿ ಕೂತು ಎಲೆಯ ಕಟ್ಟಿನಿಂದ ಮೈ ಬಡಿದುಕೊಳ್ಳುವುದು. ಹಳೆ ದೇಶದಲ್ಲಿ ಆ ಕಟ್ಟನ್ನು ಬರ್ಚ್ ಮರದ ರೆಂಬೆಗಳಿಂದ ಕಟ್ಟುತ್ತಿದ್ದರಂತೆ. ಈ ಗುಡ್ಡಗಳಲ್ಲಿ ಬರ್ಚ್ ಇಲ್ಲ. ಬಂದ ಮೊದಲ ವರ್ಷವೇ ಅವಳ ಅಮ್ಮ ಬಳ್ಳಿಮೇಪಲಿನ ರೆಂಬೆ ಮುರಿದು ನೋಡಿದಳು. ಎಲೆ ಬೀಸಣಿಗೆಯ ಹಾಗೆ ಅಗಲ, ತೊಟ್ಟು ಗಟ್ಟಿ, ಹಬೆಗೆ ಉದುರುವುದಿಲ್ಲ. ಅಲ್ಲಿಂದ ನಮ್ಮ ತೊರೆಯ ಇಕ್ಕೆಲದ ಮನೆಗಳಲ್ಲಿ ಇದೇ ಪದ್ಧತಿ. ಜೂನ್ ಕೊನೆಗೆ, ಎಲೆ ಪೂರ್ತಿ ಬಲಿತಾಗ ಹತ್ತಿಪ್ಪತ್ತು ಕಟ್ಟು ಕಟ್ಟಿ ಅಟ್ಟದಲ್ಲಿ ನೇತುಹಾಕಿದರೆ ಮುಂದಿನ ಬೇಸಿಗೆಯ ತನಕ ಬರುತ್ತಿತ್ತು. ಸೈಮಾ ಕಟ್ಟಿದ ಕಟ್ಟು ಅಂದರೆ ಹೆಸರು. ನೂಲು ಹಗ್ಗ ಮುಟ್ಟುತ್ತಿರಲಿಲ್ಲ. ಎಳೆ ರೆಂಬೆಯನ್ನೇ ತಿರುಚಿ ಬಿಗಿಯುತ್ತಿದ್ದಳು.

ಆರ್ವೊ ದೊಡ್ಡವನಾಗಿ ಮರ ಕಡಿಸುವ ಕಂಪನಿಯ ದಿಮ್ಮಿ ಲಾರಿ ಓಡಿಸತೊಡಗಿದ. ಗುಡ್ಡಗಳೆಲ್ಲ ಆ ಕಂಪನಿಯವೇ. ಅವನು ಮದುವೆಯಾದದ್ದು ಲಾಂಗ್‌ವ್ಯೂ ಪೇಟೆಯ ಡಾರ್ಲಾಳನ್ನು. ಅವಳು ಫಿನ್ನರವಳಲ್ಲ, ಕಾಗದದ ಗಿರಣಿ ಕೆಲಸದವನ ಮಗಳು. ಮೊದಲ ಸಲ ಸೌನಾದ ಬಾಗಿಲು ತೆರೆದಾಗ, "ಇದರೊಳಗೆ ಕೂತ್ರೆ ಬೆಂದು ಹೋಗ್ತೀನಿ" ಅಂತ ಓಡಿದ್ದಳು. ಸೈಮಾ ಬಿಡಲಿಲ್ಲ. ಕೆಳಗಿನ ಹಲಗೆಯ ಮೇಲೆ ಕೂರಿಸಿ ಅಭ್ಯಾಸ ಮಾಡಿಸಿದಳು. ಮೂರು ವರ್ಷದಲ್ಲಿ ಡಾರ್ಲಾ ಮೇಲಿನ ಹಲಗೆಗೇರಿ, "ಇನ್ನೊಂದು ಸೌಟು ನೀರು ಹಾಕಮ್ಮಾ" ಅನ್ನುವಷ್ಟಾದಳು. ಸ್ವಂತ ಮಗಳಿಲ್ಲದ ಸೈಮಾಗೆ ಆ ಅಮ್ಮಾ ಅನ್ನುವ ಕರೆ ಹಿತವಾಗಿತ್ತು. ಹಾಗಂತ ಯಾರ ಹತ್ತಿರವೂ ಹೇಳಿಕೊಂಡವಳಲ್ಲ.

ಎಪ್ಪತ್ತಾರರ ಬೇಸಿಗೆಗೆ ಡಾರ್ಲಾ ಐದು ತಿಂಗಳ ಬಸುರಿ. ಹಿಂದೆ ಒಂದು ಸಲ ಎರಡನೇ ತಿಂಗಳಲ್ಲೇ ಹೋಗಿತ್ತು. ಈ ಸಲ ನಿಂತಿತ್ತು. ಬೆನ್ನು ನೋವು ಅನ್ನುತ್ತಿದ್ದಳು.

ಕಂಪನಿ ನಾಲ್ಕು ವರ್ಷದ ಹಿಂದೆ ಕಡಿದ ಸೈಮಾಳ ಹಿತ್ತಲಿನ ಗುಡ್ಡದಲ್ಲಿ ಫರ್ ಸಸಿ ನೆಟ್ಟಿತ್ತು. ಸಸಿಗಿಂತ ಬೇಗ ಬಳ್ಳಿಮೇಪಲು ಚಿಗುರಿ ಎದೆಯೆತ್ತರ ನಿಂತಿತು. ಕಂಪನಿಯ ಪುಸ್ತಕದಲ್ಲಿ ಅದು ಕಳೆ. ಜೂನ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಹೆಲಿಕಾಪ್ಟರ್ ಬಂದು ಡೀಸೆಲ್‌ನಲ್ಲಿ ಕಲಸಿದ ಕಳೆನಾಶಕ ಸುರಿದು ಹೋಯಿತು. ಆ ತಿಂಗಳು ಅದು ದಿನಾ ಒಂದಲ್ಲ ಒಂದು ಗುಡ್ಡದ ಮೇಲೆ ಹಾರುತ್ತಿದ್ದರಿಂದ, ಯಾವುದರ ಮೇಲೆ ಸುರಿಯಿತು ಅಂತ ಯಾರೂ ಲೆಕ್ಕ ಇಡಲಿಲ್ಲ. ಸೈಮಾ ಅವತ್ತು ನದಿಯಾಚೆಯ ಅಸ್ಟೋರಿಯಾದಲ್ಲಿ ತಂಗಿಯ ಮನೆಯಲ್ಲಿದ್ದಳು. ಸಾಲ್ಮನ್ ಮೀನಿಗೆ ಉಪ್ಪು ಹಾಕುವ ಕೆಲಸವಿತ್ತು. ಬುಧವಾರ ಮಧ್ಯಾಹ್ನ ಬಂದವಳೇ ಕುಡುಗೋಲು ತೆಗೆದುಕೊಂಡು, ನಲವತ್ತು ವರ್ಷದಿಂದ ಹತ್ತಿದ ಹಾಗೆ, ಹಿತ್ತಲಿನ ಕಾಲುದಾರಿ ಹಿಡಿದು ಗುಡ್ಡ ಹತ್ತಿದಳು. ಎಚ್ಚರಿಕೆಯ ಹಲಗೆಯನ್ನು ಕಂಪನಿ ತನ್ನ ಗೇಟಿಗೆ ಹೊಡೆದಿತ್ತು. ಗೇಟು ಗುಡ್ಡದ ಆಚೆ ಮಗ್ಗುಲಿನಲ್ಲಿ, ಮೂರು ಮೈಲು ದೂರ.

ಎಲೆಗಳು ಹಸಿರಾಗೇ ಇದ್ದವು. ಮಾಮೂಲಿಗಿಂತ ಹೊಳಪು ಜಾಸ್ತಿ. ಕೈಗೆ ಒಂಚೂರು ಜಿಡ್ಡು. ಡೀಸೆಲ್ ವಾಸನೆ.

ವಾಸನೆ ಅವಳ ಮೂಗಿಗೆ ಬಂತು. ಅದು ಅವಳಿಗೆ ಆಮೇಲೂ ಮರೆತುಹೋಗಲಿಲ್ಲ. ರೆಂಬೆ ಮೂಗಿನ ಹತ್ತಿರ ತಂದು ಮೂಸಿದ್ದಳು ಕೂಡ. ಆದರೆ ಮರ ಕಡಿಯುವವರ ಮನೆಯಲ್ಲಿ ಡೀಸೆಲ್ ವಾಸನೆ ಬಡಿಯದ ವಸ್ತು ಯಾವುದಿದೆ? ಗಂಡನ ಅಂಗಿಗೆ ಅದೇ ವಾಸನೆ, ಮಗನ ಅಂಗಿಗೆ ಅದೇ, ಅವುಗಳನ್ನು ಒಗೆದ ಬಾನಿಗೆ ಅದೇ. ಅರ್ಧ ಗಳಿಗೆ ಯೋಚಿಸಿದಳು, ಆಮೇಲೆ ಕೊಯ್ದಳು. ಒಂದು ಹೊರೆ ಹೊತ್ತು ಇಳಿಯುವಾಗ ಪಕ್ಕದ ಮನೆಯ ಉರ್ಹೊ ಬೇಲಿಗೆ ಒರಗಿ ಪೈಪು ಸೇದುತ್ತಿದ್ದ. ಸಭಾಭವನದ ಬೀಗದ ಕೈ ಇಟ್ಟುಕೊಂಡಿರುವ ಮುದಿ ಬ್ರಹ್ಮಚಾರಿ.

"ಏನೇ ಸೈಮಾ, ಇಷ್ಟೊಂದು ಸೊಪ್ಪು? ಇಡೀ ಊರನ್ನ ಬಡೀತೀಯಾ?"

"ನಿನ್ನೊಬ್ಬನಿಗೇ ಸಾಲಲ್ಲ ಇದು," ಅಂತ ನಡೆದಳು.

ಶನಿವಾರ ಸೌನಾ ಕಾಯಿತು. ಹೊಸ ಕಟ್ಟನ್ನು ಬಿಸಿ ನೀರಲ್ಲಿ ಅದ್ದಿ, ಡಾರ್ಲಾಳ ಬೆನ್ನು, ಸೊಂಟ, ತೊಡೆಗಳ ಮೇಲೆ ಸೈಮಾ ತನ್ನ ಕೈಯಾರೆ ಮೆಲ್ಲಗೆ ಬಡಿದಳು. "ಎಷ್ಟು ಹಗುರಾಯ್ತಮ್ಮಾ," ಅಂದಳು ಡಾರ್ಲಾ. ಮುಂದಿನ ಶನಿವಾರವೂ ಅದೇ ಸೊಪ್ಪು.

ಅದಾಗಿ ಎರಡು ದಿನಕ್ಕೆ ಸೈಮಾ ಹಿತ್ತಲಿನಲ್ಲಿ ಬಟ್ಟೆ ಹರವುತ್ತ ತಲೆ ಎತ್ತಿದಳು. ಗುಡ್ಡ ಕಂದಾಗಿತ್ತು. ಬೇಲಿಯ ಹತ್ತಿರದಿಂದ ನೆತ್ತಿಯ ತನಕ ಎಲೆಗಳು ಮುರುಟಿ, ತೊಟ್ಟುಗಳು ಹುಳುವಿನ ಹಾಗೆ ಸುರುಳಿ ಸುತ್ತಿ ನಿಂತಿದ್ದವು. ತನ್ನ ಕಟ್ಟುಗಳೂ ಅಟ್ಟದಲ್ಲಿ ಹಾಗೇ ಮುರುಟಿದ್ದನ್ನು ಅವಳು ಕಂಡಿದ್ದಳು. ಸೆಕೆಗೆ ಒಣಗಿದವು ಅಂದುಕೊಂಡಿದ್ದಳು. ಕೈಯಲ್ಲಿದ್ದ ಒದ್ದೆ ಅಂಗಿಯನ್ನು ತಂತಿಗೆ ಹಾಕಿ, ಕ್ಲಿಪ್ಪು ಸಿಕ್ಕಿಸಿ, ಒಳಗೆ ಹೋಗಿ ಅಟ್ಟದಿಂದ ಎಲ್ಲ ಕಟ್ಟುಗಳನ್ನು ಇಳಿಸಿ ಹಿತ್ತಲಿನ ಮೂಲೆಯಲ್ಲಿ ಸುಟ್ಟಳು. ಯಾಕೆ ಸುಟ್ಟೆ ಅಂತ ಆರ್ವೊ ಕೇಳಿದ್ದಕ್ಕೆ, "ಹುಳ ಬಿದ್ದಿತ್ತು" ಅಂದಳು.

ಜುಲೈ ಮೂರನೇ ವಾರ ಡಾರ್ಲಾಗೆ ರಕ್ತ ಹೋಗತೊಡಗಿತು. ಆಸ್ಪತ್ರೆಗೆ ಒಯ್ದರು. ಗಂಡು ಮಗು. ಅಳಲಿಲ್ಲ, ಉಸಿರಾಡಲಿಲ್ಲ. ಒಂದೊಂದು ಸಲ ಹೀಗಾಗುತ್ತೆ, ಕಾರಣ ಹೇಳೋಕಾಗಲ್ಲ ಅಂದರು ಡಾಕ್ಟರು. ಸೈಮಾ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಒಂದೊಂದು ಸಲ ಹೀಗಾಗುತ್ತೆ. ರೊಟ್ಟಿ ನಾದುವಾಗ, ಕೋಳಿಗೆ ಕಾಳು ಹಾಕುವಾಗ ಅದನ್ನೇ ಹೇಳಿಕೊಂಡಳು. ಆ ಬೇಸಿಗೆ ಪೂರ್ತಿ ಅವರ ಮನೆಯಲ್ಲಿ ಸೌನಾ ಕಾಯಲಿಲ್ಲ.

ತೊರೆಯ ಮೇಲ್ಭಾಗದಲ್ಲಿ ಮಾರ್ಗೊ ಅಂತ ಒಬ್ಬಳಿದ್ದಳು. ಆಡು ಸಾಕಿಕೊಂಡಿದ್ದ, ಪೇಟೆಯಿಂದ ಬಂದ ಶಾಲಾ ಮೇಷ್ಟ್ರಿಣಿ. ಗಂಡಸರು ಅವಳ ಬೆನ್ನ ಹಿಂದೆ ಆಡುತ್ತಿದ್ದ ಮಾತುಗಳನ್ನು ಬರೆಯುವುದು ಬೇಡ. ಅವಳು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡಳು: ಎರಡು ವರ್ಷದಲ್ಲಿ ಈ ತೊರೆಯ ನೀರು ಕುಡಿಯುವ ಹತ್ತೊಂಬತ್ತು ಮನೆಗಳಲ್ಲಿ ಹೋದ ಬಸಿರು ಆರು. ರಾಜ್ಯ ಸರಕಾರದವರಿಗೆ ಅರ್ಜಿ ಹೋಯಿತು. ಕಂಪನಿಯ ಉತ್ತರ ಬಂತು: ತೊರೆಯಿಂದ ಇನ್ನೂರಡಿ ಬಿಟ್ಟು ಸಿಂಪಡಿಸಿದ್ದೇವೆ, ಅದು ಜನ ಓಡಾಡುವ ಜಾಗವಲ್ಲ, ಔಷಧಿ ಯಾವ ಮನುಷ್ಯನ ಮೈಗೂ ತಾಗುವ ದಾರಿಯೇ ಇಲ್ಲ.

ಮಾರ್ಗೊ ಆ ಕಾಗದ ಹಿಡಿದು ಸೈಮಾಳ ಅಡಿಗೆಮನೆಯಲ್ಲಿ ಕೂತಳು. ಡಾರ್ಲಾ ಒಳಕೋಣೆಯಲ್ಲಿ ಮಲಗಿದ್ದಳು. ಕಾಫಿ ಬಗ್ಗಿಸಿ, ಏಲಕ್ಕಿ ಹಾಕಿದ ರೊಟ್ಟಿ ಮುಂದಿಟ್ಟಳು ಸೈಮಾ.

"ನಂಗೆ ಒಬ್ಬ ಮನುಷ್ಯ ಬೇಕು," ಅಂದಳು ಮಾರ್ಗೊ. "ಆ ವಾರ ಗುಡ್ಡ ಹತ್ತಿದೋರು. ಎಲೆ ಮುಟ್ಟಿದೋರು. ಒಬ್ರಿದ್ರೂ ಸಾಕು, ಇವರ ಈ ಮಾತು ಬಿದ್ದುಹೋಗುತ್ತೆ. ನಿಮ್ಮ ಹಿತ್ತಲಿಂದ ಯಾರಾದ್ರೂ ಹೋಗಿದ್ರಾ?"

"ಇಲ್ಲ," ಅಂದಳು ಸೈಮಾ. "ರೊಟ್ಟಿ ತಗೊಳ್ಳಿ."

ಮಾರ್ಗೊ ಹೋದ ಮೇಲೆ ಉರ್ಹೊ ಬಂದ. ಬೇಲಿ ಆಚೆಯಿಂದ ಅಲ್ಲ, ಒಳಗೇ ಬಂದು ಬಾಗಿಲು ಮುಚ್ಚಿ ಕೂತ.

"ಆ ಮೇಷ್ಟ್ರಿಣಿಗೆ ಏನಂದೆ?"

"ಏನು ಅನ್ನೋಕಿದೆ?"

"ಬೆನ್ನ ಮೇಲೆ ಹೊರೆ ಹೊತ್ತು ಬಂದೋಳನ್ನ ನಾನು ನೋಡಿದೀನಿ. ನನ್ನ ಹಲ್ಲು ಹೋಗಿದೆ, ಕಣ್ಣು ಹೋಗಿಲ್ಲ."

"ಹಾಗಾದ್ರೆ ನೀನೇ ಹೇಳು ಹೋಗಿ."

"ಹೇಳಲ್ಲ," ಅಂದ ಉರ್ಹೊ. "ನಿಮ್ಮಪ್ಪ ಎರಡು ಹಲ್ಲು ಮುರಿಸ್ಕೊಂಡ್ರೂ ಜೊತೆಯೋರ ಹೆಸರು ಹೇಳ್ಲಿಲ್ಲ. ನಾನೂ ಹೇಳಲ್ಲ. ನೀನು ಹೇಳ್ಬೇಕು. ಆದ್ರೆ ಮೊದ್ಲು ಒಳಗೆ ಮಲಗಿದಾಳಲ್ಲ, ಅವಳಿಗೆ."

ಅದೇ ಅವಳಿಂದ ಆಗದ ಕೆಲಸ. ಆಗಸ್ಟ್ ಪೂರ್ತಿ ಬೆಳಿಗ್ಗೆ ಎದ್ದು, ಇವತ್ತು ಹೇಳ್ತೀನಿ ಅಂತ ಕಾಫಿ ಕಾಯಿಸಿದಳು. ಡಾರ್ಲಾ ಬಂದು ಮೇಜಿಗೆ ಕೂರುತ್ತಿದ್ದಳು. ಕೂದಲು ಬಾಚಿರುತ್ತಿರಲಿಲ್ಲ. ಒಂದು ದಿನ ಅವಳೇ ಕೇಳಿದಳು: "ನಾನು ಏನಾದ್ರೂ ತಿನ್ನಬಾರದ್ದು ತಿಂದ್ನಾ ಅಮ್ಮಾ? ಆ ಮೆಟ್ಲು ಎಷ್ಟು ಸಲ ಹತ್ತಿ ಇಳಿದೆ. ಅದಕ್ಕೇ ಆಯ್ತಾ?"

"ನೀನೇನೂ ಮಾಡ್ಲಿಲ್ಲ ಕಣೇ," ಅಂದಳು ಸೈಮಾ. ಅಲ್ಲಿಗೆ ನಿಲ್ಲಿಸಿದಳು. ಮುಂದಿನ ಮಾತು ಬಾಯಿಯ ತನಕ ಬಂದು ಹಿಂದಕ್ಕೆ ಹೋಯಿತು. ಆ ಹುಡುಗಿ ತನ್ನನ್ನೇ ಚುಚ್ಚಿಕೊಳ್ಳುತ್ತಿದ್ದಾಳೆ ಅಂತ ಗೊತ್ತಾದ ಮೇಲೂ ಹೋಯಿತು. ಈ ಒಂದು ಸುಳ್ಳಿಗೆ ಸೈಮಾ ತನಗೆ ತಾನು ಕೊಟ್ಟುಕೊಂಡ ಹೆಸರುಗಳು ಹಲವು. ಮೊದಲನೆಯದು ಹೇಡಿ.

ಸೆಪ್ಟೆಂಬರ್ ಎರಡನೇ ಗುರುವಾರ ಮಧ್ಯಾಹ್ನ ಶಾಲೆಯ ಆಟದ ಹಜಾರದಲ್ಲಿ ವಿಚಾರಣೆ. ಬ್ಯಾಸ್ಕೆಟ್‌ಬಾಲ್ ಕಂಬದ ಕೆಳಗೆ ಉದ್ದ ಮೇಜು ಹಾಕಿ ರಾಜ್ಯದ ಮೂವರು ಕೂತರು. ಪಕ್ಕದಲ್ಲಿ ಕಂಪನಿಯ ವಕೀಲ, ತೆಳು ಮೀಸೆಯ ಸಭ್ಯ ಮನುಷ್ಯ. ಕಂಪನಿ ಕೆಲಸಗಾರರಿಗೆ ಅರ್ಧ ದಿನ ರಜೆ ಕೊಟ್ಟು ಕಳಿಸಿತ್ತು. ತಗಡಿನ ಟೋಪಿ ತೊಡೆಯ ಮೇಲಿಟ್ಟುಕೊಂಡು ಅವರು ಒಂದು ಕಡೆ ಕೂತರು. ಅವರ ನಡುವೆ ಆರ್ವೊ. ಹೊರಡುವ ಮೊದಲು ಅವನು ತಾಯಿಗೆ ಹೇಳಿದ್ದ: "ನೀನು ಬರ್ಬೇಡಮ್ಮಾ. ಸಿಂಪಡಿಸೋದು ನಿಲ್ಸಿದ್ರೆ ಮರ ಬೆಳೆಯಲ್ಲ, ಮರ ಬೆಳೀದಿದ್ರೆ ನನ್ನ ಲಾರಿ ಓಡಲ್ಲ. ಇಷ್ಟೇ ವಿಷಯ." ಅವಳು ಬಂದಳು. ಡಾರ್ಲಾಳೂ ಬಂದಳು, ಅತ್ತೆಯ ಪಕ್ಕದಲ್ಲೇ ಕೂತಳು.

ಮಾರ್ಗೊ ಆರು ಹೆಸರು ಓದಿದಳು. ವಕೀಲ ಎದ್ದು, ತುಂಬ ನೋವಿನ ಸಂಗತಿ ಅಂದ. ಆಮೇಲೆ ನಕ್ಷೆ ತೋರಿಸಿ ಇನ್ನೂರಡಿ ಅಂದ, ಗೇಟು ಅಂದ, ಎಚ್ಚರಿಕೆಯ ಹಲಗೆ ಅಂದ. "ಅಲ್ಲಿ ಇರೋದು ಕಳೆ. ಕಳೆ ಹುಡುಕ್ಕೊಂಡು ಯಾವ ಮನುಷ್ಯನೂ ಹೋಗಲ್ಲ. ಔಷಧಿ ಮನುಷ್ಯರ ಮೈ ಮುಟ್ಟಿದ ಒಂದೇ ಒಂದು ನಿದರ್ಶನ ತೋರಿಸಿ, ಕೂತ್ಕೊಂಡು ಬಿಡ್ತೀನಿ."

ಹಜಾರದಲ್ಲಿ ಕುರ್ಚಿ ಕಿರುಗುಟ್ಟಿತು. ಎದ್ದವಳು ಸೈಮಾ.

"ನಾನು ಹೋಗಿದ್ದೆ," ಅಂದಳು. "ಬುಧವಾರ. ಸೌನಾಗೆ ಸೊಪ್ಪು ತರೋಕೆ. ನಿಮಗೆ ಅದು ಕಳೆ. ನಮಗೆ ಮೈ ತೊಳೆಯೋ ಗಿಡ. ಅದರಿಂದ ನನ್ನ ಸೊಸೆ ಬೆನ್ನಿಗೆ ಬಡಿದೆ. ಎರಡು ಶನಿವಾರ."

ಪಕ್ಕದಲ್ಲಿ ಕೂತಿದ್ದ ಡಾರ್ಲಾಳ ಕಡೆ ಸೈಮಾ ತಿರುಗಲಿಲ್ಲ. ಕೆಲಸಗಾರರ ಸಾಲಿನಲ್ಲಿ ಯಾರೋ, "ಸೊಪ್ಪಲ್ಲಿ ಬಡಿದ್ರಂತೆ" ಅಂತ ಕಿಸಕ್ಕನೆ ನಕ್ಕ. ಉರ್ಹೊ ಹಿಂದಿನ ಸಾಲಿನಿಂದ, "ನಿಮ್ಮಜ್ಜನೂ ಅದರಲ್ಲೇ ಬಡಿಸ್ಕೊಂಡಿದ್ದು ಕಣೋ, ನಿನಗೆ ಸಾಲ್ದಾಗಿದೆ" ಅಂದ. ಮೇಜಿನವರು ಸದ್ದು ಮಾಡಬೇಡಿ ಅಂದರು.

ವಕೀಲ ಕನ್ನಡಕ ಸರಿಮಾಡಿಕೊಂಡ. ಮಾತು ಮೆತ್ತಗೇ ಇತ್ತು. "ಆ ಸೊಪ್ಪು ಈಗ ಇದೆಯಾ ಶ್ರೀಮತಿ ರಾಂಟಲಾ?"

"ಸುಟ್ಟೆ."

"ಹಾಗಾದ್ರೆ ಅದಕ್ಕೆ ಔಷಧಿ ಬಿದ್ದಿತ್ತು ಅನ್ನೋದು ಹೇಗೆ? ಗುಡ್ಡದಲ್ಲಿ ಔಷಧಿ ಬೀಳದ ಮೂಲೆಗಳೂ ಇರ್ತವೆ. ಇದನ್ನ ಡೀಸೆಲ್‌ನಲ್ಲಿ ಕಲಸ್ತಾರೆ. ಒಂದು ದಿನ ಆದ್ರೂ ವಾಸನೆ ಹೋಗಲ್ಲ, ಯಾರಿಗಾದ್ರೂ ಗೊತ್ತಾಗುತ್ತೆ. ನಿಮಗೆ ವಾಸನೆ ಬಂತಾ?"

ಸೈಮಾಗೆ ಪ್ರಶ್ನೆಯ ಎರಡು ತುದಿಯೂ ಕಂಡಿತು. ಇಲ್ಲ ಅಂದರೆ, ಹಾಗಾದರೆ ಅದು ಔಷಧಿ ಬಿದ್ದ ಸೊಪ್ಪಲ್ಲ, ಮುದುಕಿ ಕೂರಬಹುದು ಅನ್ನುತ್ತಾನೆ. ಅಲ್ಲಿಗೆ ಆರು ಹೆಸರೂ ಮುಗಿದವು. ಆದರೆ ಸೊಸೆಯ ಹತ್ತಿರ, ನನಗೆ ಗೊತ್ತಿರಲಿಲ್ಲ ಕಣೇ ಅನ್ನುವ ಒಂದು ಮಾತಾದರೂ ಉಳಿಯುತ್ತದೆ. ಬಂತು ಅಂದರೆ ಆ ಮಾತೂ ಇಲ್ಲ.

"ಬಂತು," ಅಂದಳು.

"ಬಂತು?"

"ಮೂಸಿ ನೋಡಿದೆ. ಡೀಸೆಲ್. ಜಿಡ್ಡೂ ಇತ್ತು ಕೈಗೆ."

"ವಾಸನೆ ಬಂದ್ರೂ, ಜಿಡ್ಡು ಕಂಡ್ರೂ, ಬಸುರಿ ಹೆಂಗಸಿನ ಮೈಗೆ ಬಡಿದ್ರಿ."

"ಬಡಿದೆ."

"ಹಾಗಾದ್ರೆ ತಪ್ಪು ಕಂಪನೀದಾ, ನಿಮ್ಮದಾ?"

ಅಷ್ಟು ಹೊತ್ತು ನಿಂತಲ್ಲೇ ನಿಂತಿದ್ದ ಸೈಮಾ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ನಂದೂ ಹೌದು," ಅಂದಳು. "ನಮ್ಮ ಮನೇಲಿ ಎಲ್ಲಕ್ಕೂ ಅದೇ ವಾಸನೆ, ಅದಕ್ಕೇ ಅಸಡ್ಡೆ ಮಾಡ್ದೆ. ಆ ವಾಸನೆನೂ ನಿಮ್ಮದೇ. ಆದ್ರೆ ಅಸಡ್ಡೆ ನಂದು. ನನ್ನ ಪಾಲು ಏನಿದೆ, ಹೇಳ್ದೆ. ನಿಮ್ಮ ಪಾಲನ್ನ ನೀವು ಹೇಳಿ."

ವಕೀಲ, ನನ್ನ ಪ್ರಶ್ನೆ ಮುಗಿಯಿತು ಅಂತ ಮೇಜಿನವರಿಗೆ ಹೇಳಿ ಕೂತ. ಸೈಮಾ ತಿರುಗಿ ನೋಡಿದಾಗ ಪಕ್ಕದ ಕುರ್ಚಿ ಖಾಲಿ ಇತ್ತು. ಡಾರ್ಲಾ ಯಾವಾಗ ಎದ್ದು ಹೋದಳೋ. ಕೆಲಸಗಾರರ ಸಾಲಿನಲ್ಲಿ ಆರ್ವೊನೂ ಇರಲಿಲ್ಲ.

ಅವತ್ತು ಸಂಜೆಯೇ ಅವರಿಬ್ಬರೂ ಬಟ್ಟೆ ತುಂಬಿಕೊಂಡು ಲಾಂಗ್‌ವ್ಯೂಗೆ ಹೋದರು. ಆರ್ವೊ ಬಾಗಿಲಲ್ಲಿ ನಿಂತು, "ಊರ ಮುಂದೆ ಹೇಳೋ ಮೊದ್ಲು ಮನೇಲಿ ಹೇಳ್ಬಾರ್ದಿತ್ತಾ?" ಅಂದ. ಡಾರ್ಲಾ ಲಾರಿಯ ಮುಂದಿನ ಸೀಟಿನಲ್ಲಿ ಆ ಕಡೆ ಮುಖ ಮಾಡಿ ಕೂತಿದ್ದಳು.

ಅಕ್ಟೋಬರ್ ಮೊದಲ ವಾರ ಸಮಿತಿಯ ತೀರ್ಮಾನ ಬಂತು. ಮಾರ್ಗೊ ಓದಿ ಹೇಳಿದಳು. ಬಸಿರು ಹೋದದ್ದಕ್ಕೂ ಔಷಧಿಗೂ ಸಂಬಂಧ ತೋರಿಸುವ ಆಧಾರವಿಲ್ಲ. ಒಬ್ಬ ವೃದ್ಧೆಯ ಹೇಳಿಕೆಯನ್ನು ಪರೀಕ್ಷಿಸಲು ವಸ್ತುವಿಲ್ಲ. ಅದು ನಿಜವೆಂದಿಟ್ಟುಕೊಂಡರೂ ಬಳಸಿದವರ ಅಜಾಗರೂಕತೆ. ಸಿಂಪಡಿಸುವುದು ಮುಂದುವರಿಯಬಹುದು. ಇನ್ನು ಮೇಲೆ ಎಚ್ಚರಿಕೆಯ ಹಲಗೆಯನ್ನು ಮನೆಗಳ ಕಡೆಯ ಕಾಲುದಾರಿಗಳಿಗೂ ಹಾಕತಕ್ಕದ್ದು.

"ಹಲಗೆ," ಅಂದ ಉರ್ಹೊ. "ನಮ್ಮಪ್ಪಂದಿರು ಹೋರಾಡಿ ದಿನಕ್ಕೆ ಎಂಟೇ ಗಂಟೆ ಕೆಲಸ ಗೆದ್ರು. ನಾವು ಹಲಗೆ ಗೆದ್ವಿ."

ಮಾರ್ಗೊ ಅತ್ತಳು. ಸೈಮಾ ಅಳಲಿಲ್ಲ. ಮರುದಿನ ಬಂದು ಹಲಗೆ ಹೊಡೆದ ಕಂಪನಿಯವನಿಗೆ, ಅಲ್ಲಿ ಮೊಳೆ ನಿಲ್ಲಲ್ಲ, ಈ ಕಂಬಕ್ಕೆ ಹೊಡಿ ಅಂತ ಜಾಗ ತೋರಿಸಿದಳು. ನರ್ಸರಿಯವನು ಈ ವರ್ಷ ಬುಡ ಇದೆಯಾ ಅಂತ ಕಾಗದ ಬರೆದಿದ್ದ. ಗುಡ್ಡದ ಈ ಮಗ್ಗುಲಿನಲ್ಲಿ ಕೆಂಪಾಗಲು ಒಂದು ಎಲೆಯೂ ಉಳಿದಿರಲಿಲ್ಲ. ಇಲ್ಲ ಅಂತ ಒಂದು ಸಾಲು ಬರೆದು ಹಾಕಿದಳು.

ತಿಂಗಳ ಕೊನೆಗೆ ಒಂದು ಬೆಳಿಗ್ಗೆ ಡಾರ್ಲಾ ಬಂದಳು. ಒಬ್ಬಳೇ, ಅಣ್ಣನ ಪಿಕಪ್ ಓಡಿಸಿಕೊಂಡು. ಹೊಲಿಗೆ ಯಂತ್ರ, ಪಿಂಗಾಣಿ, ಚಳಿಗಾಲದ ಬೂಟು ಒಂದೊಂದೇ ಹೊರಗೆ ಸಾಗಿಸಿದಳು. ಸೈಮಾ ಕಾಫಿ ಇಟ್ಟಳು. ಡಾರ್ಲಾ ಕುಡಿಯಲಿಲ್ಲ, ಆದರೆ ಮೇಜಿಗೆ ಬಂದು ಕೂತಳು.

"ಒಂದು ಕೇಳ್ಬೇಕಿತ್ತು ಮಿಸೆಸ್ ರಾಂಟಲಾ."

ಸೈಮಾ ಆ ಕರೆಯನ್ನು ಕೇಳಿಸಿಕೊಂಡಳು. "ಕೇಳು."

"ವಾಸನೆ ಬಂದಾಗ ಏನಂದ್ಕೊಂಡ್ರಿ?"

"ಆರ್ವೊನ ಅಂಗಿ ವಾಸನೆ ಅಂದ್ಕೊಂಡೆ."

"ಆಮೇಲೆ?"

"ಆಮೇಲೆ ಏನೂ ಅಂದ್ಕೊಳ್ಳಲಿಲ್ಲ. ಕತ್ತಲಾಗೋದ್ರೊಳಗೆ ಕಟ್ಟು ಕಟ್ಟಬೇಕಿತ್ತು."

ಡಾರ್ಲಾ ಮೇಜಿನ ಮರದ ಗೆರೆಯೊಂದನ್ನು ಉಗುರಿನಿಂದ ಕೆರೆದಳು. "ನಾನು ಎಷ್ಟು ದಿನ ಮೆಟ್ಲು ಲೆಕ್ಕ ಹಾಕ್ದೆ ಗೊತ್ತಾ," ಅಂದಳು. "ದಿನಕ್ಕೆ ಎಷ್ಟು ಸಲ ಹತ್ತಿದೆ, ಎಷ್ಟು ಸಲ ಇಳಿದೆ. ನೀವು ಇಲ್ಲೇ ಕೂತು ಕಾಫಿ ಬಗ್ಗಿಸ್ತಿದ್ರಿ."

"ಗೊತ್ತು."

"ಕಮಿಟಿಯೋರು ನಿಮ್ಮ ಮಾತು ನಂಬ್ಲಿಲ್ಲ. ಆರ್ವೊನೂ ನಂಬಲ್ಲ. ಅಮ್ಮಂಗೆ ವಯಸ್ಸಾಯ್ತು, ಆ ಆಡಿನ ಹೆಂಗಸು ಹೇಳ್ಕೊಟ್ಟಿದ್ದು ಅಂತಾನೆ. ನಂಬಿದ್ರೆ ಅವನು ಆ ಲಾರಿ ಓಡ್ಸೋಕಾಗಲ್ಲ, ನಿಮ್ಮನ್ನ ಅಮ್ಮ ಅನ್ನೋಕೂ ಆಗಲ್ಲ. ಪಾಪ." ತಲೆ ಎತ್ತಿದಳು. "ನಾನು ನಂಬಿದೀನಿ. ಒಂದೊಂದು ಅಕ್ಷರನೂ. ಅದಕ್ಕೇ ಈ ಮನೇಲಿ ನಂಗಿರೋಕಾಗಲ್ಲ."

ಸೈಮಾ ಕ್ಷಮೆ ಕೇಳಲಿಲ್ಲ. ಕೇಳಿದರೆ ಆ ಹುಡುಗಿ ಇನ್ನೊಂದು ಭಾರ ಹೊರಬೇಕು, ಕೊಡಬೇಕೋ ಬೇಡವೋ ಅನ್ನುವುದರದು. "ಇನ್ನೇನು ಉಳಿದಿದೆ ಸಾಗ್ಸೋಕೆ?" ಅಂದಳು.

"ತೊಟ್ಟಿಲು."

ಅದು ಮಾಳಿಗೆಯ ಕೋಣೆಯಲ್ಲಿತ್ತು. ಯಾಲ್ಮರ್ ಸೀಡರ್ ಹಲಗೆಯಲ್ಲಿ ಮಾಡಿದ ಭಾರೀ ತೊಟ್ಟಿಲು. ಬಿಚ್ಚಲು ಬರುವುದಿಲ್ಲ, ಒಬ್ಬರ ಕೈಯಲ್ಲಿ ಏಳುವುದಿಲ್ಲ. ಬೇಸಿಗೆಯ ಮೊದಲಿಗೆ ಡಾರ್ಲಾಳೇ ಅದಕ್ಕೆ ಬಣ್ಣ ಹೊಡೆದಿದ್ದಳು. ಸೈಮಾ ಒಂದು ತುದಿ ಹಿಡಿದಳು, ಡಾರ್ಲಾ ಇನ್ನೊಂದು. ಮೆಟ್ಟಿಲು ಕಿರಿದು, ತಿರುವು ಬೇರೆ. ಅರವತ್ತಮೂರು ವರ್ಷದ ಮುದುಕಿ ಕೆಳಗಡೆಯ ತುದಿ ತನಗೇ ಇರಲಿ ಅಂತ ಹಿಮ್ಮುಖವಾಗಿ ಇಳಿದಳು. ಭಾರ ಪೂರ್ತಿ ಅವಳ ಮೇಲೆ ಬಂತು.

"ಇನ್ನೊಂದು ಮೆಟ್ಲು ಇದೆ," ಅಂದಳು ಡಾರ್ಲಾ.

ಅವರಿಬ್ಬರ ನಡುವೆ ಅದೇ ಕೊನೆಯ ಮಾತು. ಪಿಕಪ್ಪಿನ ಹಿಂದೆ ತೊಟ್ಟಿಲಿಟ್ಟು, ಹಗ್ಗದ ಒಂದು ತುದಿಯನ್ನು ಈ ಕಡೆಯಿಂದ ಸೈಮಾ ಎಸೆದಳು, ಆ ಕಡೆಯಿಂದ ಡಾರ್ಲಾ ಎಳೆದು ಬಿಗಿದಳು. ಗಾಡಿ ತೊರೆಯ ಸೇತುವೆ ದಾಟಿ ತಿರುವಿನಲ್ಲಿ ಮರೆಯಾಯಿತು. ಮಳೆ ಹನಿಯತೊಡಗಿತ್ತು. ಬೋಳು ಗುಡ್ಡದಿಂದ ತೊರೆಗೆ ಇಳಿಯುವ ನೀರು ಆಗಲೇ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಸೈಮಾ ಎರಡು ಕೊಡ ತಂದು, ತೊರೆಯ ನೀರು ಪೂರ್ತಿ ಕದಡುವ ಮೊದಲು ಕುಡಿಯಲು ತುಂಬಿಕೊಂಡಳು.